ದೇವಮ್ಮನ ಹಿತ್ತಲಿನ ಬಿಸಿಲು

ದಸರೆಗೆ ದೇವರ ಮುಂದೆ ಘಟ್ಟ ಹಾಕುವ ದಿನ ಹೊಲದ ಮಣ್ಣನ್ನು ಜರಡಿ ಹಿಡಿಯುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಮದುವೆಯಾಗಿ ಶಹಾಪುರಕ್ಕೆ ಬಂದ ಮೊದಲ ದಸರೆಯಿಂದಲೂ ಹಾಗೇ ನಡೆದು ಬಂದಿದೆ. ಕರಿಮಣ್ಣಿಗೆ ಒಂದು ಹಿಡಿ ಹಳೆಯ ಗೊಬ್ಬರ ಬೆರೆಸಿ ಮೊದಲ ಸಲ ನೀರು ಚಿಮುಕಿಸಿದಾಗ ಒಂದು ವಾಸನೆ ಏಳುತ್ತದೆ. ಮೊದಮೊದಲು ನಾನು ಬಗ್ಗಿ ಅದನ್ನು ಎಳೆದುಕೊಳ್ಳುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕಲಸುತ್ತೇನೆ. ನೆಗಡಿ ಬಂದಿದೆಯೇ ಎಂದು ಅತ್ತೆ ಕೇಳುತ್ತಾರೆ. ಹೌದೆನ್ನುತ್ತೇನೆ.

ಆ ವಾಸನೆ ದೇವಮ್ಮನ ಹಿತ್ತಲಿನದು. ಆ ಹಿತ್ತಲು ಈಗಿಲ್ಲ. ಅದು ಇಲ್ಲವಾದ ವರ್ಷದ ಮಳೆಗಾಲದಿಂದ ದೀಪಾವಳಿಯವರೆಗಿನ ದಿನಗಳು ಮಾತ್ರ ನನ್ನ ತಲೆಯಲ್ಲಿ ಒಂದೊಂದಾಗಿ ಉಳಿದಿವೆ.

ನಮ್ಮದು ಬೀಜ, ಗೊಬ್ಬರದ ಅಂಗಡಿಯ ಮನೆತನ. ಊರ ನಡುವಿನ ಹಳೆಯ ಮನೆ ಇಕ್ಕಟ್ಟಾಗಿ ಮಾವನವರು ಊರಂಚಿನಲ್ಲಿ ಜಾಗ ಹಿಡಿದು ಕಟ್ಟಿಸಿದರು. ನಮ್ಮ ಹಿಂದಿನ ಗೋಡೆಗೆ ಹತ್ತಿ ಬಡಗಣಕ್ಕೆ ದೇವಮ್ಮನ ಹಿತ್ತಲು, ಅದರಾಚೆ ಅವಳ ಎರಡು ಖೋಲಿಯ ಮನೆ, ಅದರ ಬಾಗಿಲು ಆ ಕಡೆಯ ಓಣಿಗೆ. ಬಾಗಿಲ ಮೇಲೆ ನೀಲಿ ಬಣ್ಣ, ಒಳಗೆ ಗೋಡೆಗೆ ಕಣ್ಣು ಮುಚ್ಚಿ ಕೂತ ಬುದ್ಧನ ಕ್ಯಾಲೆಂಡರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಸುಜಾತಾ. ಇಪ್ಪತ್ತು ದಾಟಿದ ಹುಡುಗಿ. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ನಾಲ್ಕು ಗಾಲಿ ಬಡಿದ ಒಂದು ಹಲಗೆಯ ಮೇಲೆ ಕೂತು, ಕೈಯಿಂದ ನೆಲ ಒತ್ತಿ ಒತ್ತಿ ಹಿತ್ತಲ ತುಂಬ ಓಡಾಡುತ್ತಿದ್ದಳು.

ಅವರ ಬದುಕು ಅಗಿ ಬೆಳೆಸುವುದು. ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿಗಳನ್ನು ಗೇಣುದ್ದ ಮಾಡಿ ನಾಟಿಗೆ ಕೊಡುತ್ತಿದ್ದರು. ಕಾಲುವೆ ನೀರಿರುವ ಊರುಗಳಿಂದ ರೈತರು ಬಂದು ದೇವಮ್ಮನ ಅಗಿ ಎಂದೇ ಕೇಳಿ ಒಯ್ಯುತ್ತಿದ್ದರು. ಪ್ಲಾಸ್ಟಿಕ್ ಟ್ರೇ, ತೆಂಗಿನ ನಾರಿನ ಪುಡಿ ಎಲ್ಲ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಟ್ರೇಯ ಒಂದೊಂದು ಕುಳಿಗೆ ಒಂದೊಂದೇ ಬೀಜ ಬಿಡುವುದು ಸುಜಾತಾಳ ಕೆಲಸ. ಎಷ್ಟು ನಾಜೂಕಿನ ಬೆರಳು ಎಂದರೆ, ಸಾಸಿವೆಯಂಥ ಸಣ್ಣ ಬೀಜವೂ ಅವಳ ಕೈಯಿಂದ ಎರಡೆರಡು ಬಿದ್ದದ್ದನ್ನು ನಾನು ನೋಡಿಲ್ಲ.

ಅಡುಗೆಮನೆಯ ಹಿಂದಿನ ಕಿಟಕಿ ಅವರ ಹಿತ್ತಲಿಗೆ ತೆರೆಯುತ್ತಿತ್ತು. ರೊಟ್ಟಿ ಬಡಿಯುತ್ತ ನಾನು, ಅಗಿಗೆ ನೀರು ಹನಿಸುತ್ತ ದೇವಮ್ಮ, ಹೀಗೆ ಮಾತು ಬೆಳೆಯಿತು. ನನ್ನ ಕಾನ್ವೆಂಟ್ ಕನ್ನಡ ಕೇಳಿ ಮೊದಲು ಸುಜಾತಾ ನಗುತ್ತಿದ್ದಳು. ನಾನು "ಬರುತ್ತಿದ್ದೇನೆ" ಅಂದರೆ ಅವಳು ತಾಯಿಗೆ, "ಯವ್ವಾ, ರೇಡಿಯೋದಾಗ ಬಾತ್ಮಿ ಹತ್ಯಾವ ನೋಡು" ಅನ್ನುವಳು. ದೇವಮ್ಮ ಅವಳ ತಲೆಗೆ ಮೊಟಕುವಳು.

ಒಮ್ಮೆ ನಾನೇ ಕೇಳಿದ್ದೆ, ಹತ್ತಿಕುಣಿಯಲ್ಲಿ ನಿನ್ನ ಅಣ್ಣ ಇದ್ದಾನಂತಲ್ಲ, ಇಬ್ಬರೇ ಯಾಕೆ ಇರುತ್ತೀರಿ ಎಂದು. ದೇವಮ್ಮ ಕೈಯಲ್ಲಿದ್ದ ನೀರು ಹನಿಸುವ ಝಾರಿಯನ್ನು ಕೆಳಗಿಟ್ಟಳು.

"ಅಲ್ಲಿ ಹೋದ್ರ ನನಗ ಕೂಲಿ ಸಿಗ್ತದ್ರಿ ಅವ್ವಾರ. ಈಕಿಗಿ ಏನ್ ಸಿಗ್ತದ? ಒಂದು ಮೂಲಿ ಸಿಗ್ತದ. ಇಲ್ಲಿ ಈಕಿ ದುಡದು ಉಣ್ಣಾಕತ್ಯಾಳ."

ಅಷ್ಟೇ ಹೇಳಿದ್ದು. ಹಿತ್ತಲೆಂದರೆ ಅವರಿಗೆ ಏನು ಎಂಬುದನ್ನು ಅದಕ್ಕಿಂತ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಆ ವರ್ಷ ಮೈದುನನ ಮದುವೆ ಗೊತ್ತಾಯಿತು. ಮನೆ ಸಾಲದೆಂದು ಮಾವನವರು ಮೇಲೆ ಇನ್ನೆರಡು ಅಂತಸ್ತು ಎಬ್ಬಿಸಿದರು. ಕಾರಹುಣ್ಣಿಮೆಗೆ ಶುರುವಾದ ಕೆಲಸ ಪಂಚಮಿಯ ಹೊತ್ತಿಗೆ ಗೋಡೆ ಮುಗಿದು ಗಿಲಾಯಿಗೆ, ಸಿಮೆಂಟು ಮೆತ್ತುವ ಹಂತಕ್ಕೆ, ಬಂತು. ಮಾವ ಕೆಟ್ಟವರಲ್ಲ. ಒಂದು ದಿನ ಮಧ್ಯಾಹ್ನ ಹಿಂದಿನ ಗೋಡೆಯ ಹತ್ತಿರ ನಿಂತು ದೇವಮ್ಮನನ್ನು ಕರೆದು, ಇದರಿಂದ ನಿನಗೇನಾದರೂ ತ್ರಾಸು ಇದೆಯೇ, ಇದ್ದರೆ ಈಗಲೇ ಹೇಳು ಎಂದು ಕೇಳಿದರು. ಅವಳು ಹಿತ್ತಲ ನಡುವೆ ನಿಂತು ತಲೆ ಎತ್ತಿ ನೋಡಿದಳು. ಸೂರ್ಯ ನೆತ್ತಿಯ ಮೇಲಿದ್ದ. ಟ್ರೇಗಳ ಮೇಲೆಲ್ಲ ಬಿಸಿಲು ಹಾಸಿತ್ತು.

"ಇಲ್ರಿ ಸಾವಕಾರ. ಬಿಸಿಲು ಬರಾಕತ್ತದ" ಅಂದಳು. ಸುಜಾತಾ ಮಾತ್ರ, ಮೊದಲು ಇಲ್ಲಿ ಕೂತರೆ ಬೆಟ್ಟ ಕಾಣುತ್ತಿತ್ತು, ಬೆಟ್ಟದ ಬಂಡೆಗಳೇ ಮಲಗಿದ ಬುದ್ಧನಂತಿವೆಯಲ್ಲ, ಅದರ ಮೂಗು ಕಾಣುತ್ತಿತ್ತು, ಈಗ ನಿಮ್ಮ ಗೋಡೆಯ ಮೂಗು ಕಾಣುತ್ತದೆ ಎಂದಳು. ಮಾವನವರೂ ನಕ್ಕರು.

ನಾನು ಕಿಟಕಿಯಲ್ಲಿ ಅಕ್ಕಿ ಆರಿಸುತ್ತ ನಿಂತಿದ್ದೆ. ಕಲಬುರಗಿಯ ನಮ್ಮ ಶಾಲೆಯಲ್ಲಿ ಸಿಸ್ಟರ್ ಲೂಸಿ ಗ್ಲೋಬನ್ನು ವಾಲಿಸಿ ಹಿಡಿದು ತೋರಿಸಿದ್ದು ಆಗಲೇ ನೆನಪಾಯಿತು. ಮಳೆಗಾಲದ ಮೊದಲಿಗೆ ನಮ್ಮ ಸೀಮೆಯಲ್ಲಿ ನಡು ಮಧ್ಯಾಹ್ನದ ಸೂರ್ಯ ತುಸು ಬಡಗಣಕ್ಕೇ ಇರುತ್ತಾನೆ. ಗೋಡೆಯ ನೆರಳು ಆಗ ನಮ್ಮ ಕಡೆಗೆ ಬೀಳುತ್ತದೆ. ಶ್ರಾವಣ ಕಳೆದ ಮೇಲೆ ಅವನು ತೆಂಕಣಕ್ಕೆ ಸರಿಯುತ್ತ ಹೋಗುತ್ತಾನೆ, ನೆರಳು ದಿನ ದಿನಕ್ಕೆ ಆಚೆ ಕಡೆಗೆ ಉದ್ದವಾಗುತ್ತದೆ, ಸಂಕ್ರಾಂತಿಯವರೆಗೆ. ಮೂರು ಅಂತಸ್ತಿನ ನೆರಳೆಂದರೆ ಆ ಹಿತ್ತಲು ಪೂರಾ. ಇಷ್ಟೂ ನನಗೆ ಗೊತ್ತಿತ್ತು. ಆದರೆ ಮಾವ ನಗುತ್ತಿದ್ದರು, ದೇವಮ್ಮ ನಗುತ್ತಿದ್ದಳು, ಮೇಸ್ತ್ರಿ ಚಹಾಕ್ಕೆ ಕಾಯುತ್ತಿದ್ದ. ಸೊಸೆಯಾದವಳು ನಡುವೆ ಬಾಯಿ ಹಾಕಿ ಸೂರ್ಯನ ದಾರಿ ಹೇಳುವುದೇ? ಚಹಾಕ್ಕೆ ನೀರಿಟ್ಟೆ.

ಗಣಪತಿ ಹಬ್ಬ ಕಳೆದ ಮೇಲೆ ದೇವಮ್ಮ ಹಿಂಗಾರಿನ ಬದನೆ, ಮೆಣಸಿನಕಾಯಿ ಟ್ರೇ ತುಂಬಿದಳು. ಮೂವತ್ತು ಟ್ರೇ ಇದ್ದಿರಬೇಕು. ಮೊಳಕೆ ಚೆನ್ನಾಗಿಯೇ ಬಂತು. ಮೊಳಕೆಗೆ ಬಿಸಿಲು ಬೇಕಿಲ್ಲ, ಬೀಜದೊಳಗೇ ನಾಲ್ಕು ದಿನದ ಬುತ್ತಿ ಇರುತ್ತದೆ. ಬುತ್ತಿ ಮುಗಿದು ಎಲೆ ಬಿಚ್ಚಿದ ಮೇಲೆ ಅದು ತನ್ನ ಅಡುಗೆ ತಾನೇ ಮಾಡಿಕೊಳ್ಳಬೇಕು. ಅಷ್ಟರಲ್ಲಿ ನೆರಳು ಗೋಡೆ ಇಳಿದು ಬಂದಿತ್ತು.

ಮೊದಲು ಗೋಡೆಯ ಬುಡದ ಒಂದು ಸಾಲು. ಆಮೇಲೆ ಎರಡು. ದೇವಮ್ಮ ಟ್ರೇಗಳನ್ನು ಬಿಸಿಲಿದ್ದ ಕಡೆ ಸರಿಸತೊಡಗಿದಳು. ಬೆಳಿಗ್ಗೆ ಮೂಡಣದ ಮೂಲೆಯಲ್ಲಿ ಒಂದು ಪಟ್ಟಿ ಬಿಸಿಲು ಬೀಳುತ್ತಿತ್ತು, ಸಂಜೆಗೆ ಪಡುವಣದ ಕಡೆ ಒಂದು. ಸುಜಾತಾ ಹಲಗೆಯ ಮೇಲೆ ಕೂತು ನೆಲದ ಮೇಲಿನ ಆ ಗೆರೆಯನ್ನೇ ನೋಡುತ್ತಿರುವಳು. "ಯವ್ವಾ, ಸರೀತು" ಅನ್ನುವಳು. ತಾಯಿ ಬಂದು ಟ್ರೇ ಎತ್ತುವಳು. ಮತ್ತೆ "ಸರೀತು." ದಿನಕ್ಕೆ ಇಪ್ಪತ್ತು ಸಲ ನನ್ನ ಅಡುಗೆಮನೆಗೆ ಆ ಮಾತು ಕೇಳುತ್ತಿತ್ತು. ಮಹಾನವಮಿ ಅಮಾಸೆ ಹತ್ತಿರ ಬಂದಾಗ ಕೇಳುವುದು ನಿಂತಿತು. ಸರಿಸಲು ಬಿಸಿಲೇ ಇರಲಿಲ್ಲ.

ಸಸಿಗಳು ಎತ್ತರ ಬೆಳೆದವು. ಗೊತ್ತಿಲ್ಲದವರಿಗೆ ಜೋರಾಗಿ ಬರುತ್ತಿವೆ ಅನ್ನಿಸಬೇಕು, ಹಾಗೆ. ಕಡ್ಡಿ ಮಾತ್ರ ದಾರದಷ್ಟು ಸಣ್ಣ, ಎಲೆ ತೆಳ್ಳಗೆ, ಬಣ್ಣ ಹಳದಿ. ಬೆಳಕು ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವ ಬೆಳವಣಿಗೆ ಅದು, ಉಂಡು ಬೆಳೆಯುವುದಲ್ಲ.

ದೇವಮ್ಮ ನಮ್ಮ ಮನೆಯವರನ್ನು ಕೇಳಿದಳು. ಅವರು ಅಂಗಡಿಯಿಂದ ಎಲೆ ಹಸಿರು ಮಾಡುವ ಔಷಧಿಯ ಒಂದು ಬಾಟಲಿಯನ್ನು ಸುಮ್ಮನೆ ಕೊಟ್ಟು ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಅವಳು ಹೊಡೆದಳು. ನೀರು ಹೆಚ್ಚಿಗೆ ಕೊಟ್ಟಳು. ಗೊಬ್ಬರದ ನೀರೂ ಕೊಟ್ಟಳು. ಕೆಲವು ಸಸಿಗಳ ಬುಡ ಕೊಳೆತು ಹೋಯಿತು.

ಇದೇಕೆ ಹೀಗೆ ಎಂದು ತಾಯಿ ಮಗಳು ಕಿಟಕಿಯ ಕೆಳಗೆ ಬಂದು ಕೇಳಿದಾಗ ನಾನು ನನ್ನ ಶಾಲೆಯ ಪಾಠ ತೆಗೆದೆ. ನಾವು ಅದನ್ನು ಇಂಗ್ಲಿಷಿನಲ್ಲಿ ಕಲಿತವರು. ಕನ್ನಡದಲ್ಲಿ ಅದಕ್ಕೆ ದ್ಯುತಿಸಂಶ್ಲೇಷಣೆ ಅನ್ನುತ್ತಾರೆಂದು ನನ್ನ ಮಗಳ ಶಾಲೆಯ ಪುಸ್ತಕ ನೋಡಿದ ಮೇಲೇ ನನಗೆ ಗೊತ್ತಾದದ್ದು. ಅವರಿಗೆ ಎರಡೂ ಹೆಸರು ಹೇಳಲಿಲ್ಲ. ಬೇರು ನೀರು ತರುತ್ತದೆ, ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿವೆ, ಅವು ಗಾಳಿಯಲ್ಲಿರುವ ಇಂಗಾಲದ ಗಾಳಿಯನ್ನು, ನಾವು ಉಸಿರು ಬಿಡುತ್ತೇವಲ್ಲ ಅದನ್ನು, ಒಳಗೆ ತೆಗೆದುಕೊಳ್ಳುತ್ತವೆ ಎಂದೆ. ಎಲೆಯ ಹಸಿರು ಬಿಸಿಲನ್ನು ಹಿಡಿಯುತ್ತದೆ. ಆ ಬಿಸಿಲಿನ ಬಲದಿಂದ ನೀರನ್ನು ಒಡೆದು, ಇಂಗಾಲದ ಗಾಳಿಯ ಜೊತೆ ಕೂಡಿಸಿ ಸಕ್ಕರೆ ಮಾಡುತ್ತದೆ. ಉಳಿದ ಒಳ್ಳೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ಆ ಸಕ್ಕರೆಯಿಂದಲೇ ಕಡ್ಡಿ, ಎಲೆ, ಹೂ, ಕಾಯಿ ಎಲ್ಲ.

ಸುಜಾತಾ ಒಂದು ಹಳದಿ ಎಲೆಯನ್ನು ತಿರುಗಿಸಿ ಅದರ ಬಾಯಿಗಳನ್ನು ಹುಡುಕಿದಳು. "ಹಂಗಾರ ಔಷಧಿ ಯಾಕ ಹತ್ತವಲ್ದು ಅವ್ವಾರ?" ಅಂದಳು.

ರೊಟ್ಟಿಯ ಲೆಕ್ಕ ಹೇಳಿದೆ. ಮದುವೆ ಮನೆಯಲ್ಲಿ ಚೀಲಗಟ್ಟಲೆ ಜೋಳದ ಹಿಟ್ಟಿದೆ, ಬಡಿಯಲು ಹತ್ತು ಹೆಂಗಸರು ಕೂತಿದ್ದಾರೆ, ನೀರು ಕುದಿಯುತ್ತಿದೆ, ಆದರೆ ಹಂಚು ಒಂದೇ. ಆಗ ರೊಟ್ಟಿ ಎಷ್ಟು ಬೇಗ ಬರುತ್ತವೆ? ಆ ಒಂದು ಹಂಚು ಸುಡುವಷ್ಟೇ. ಇನ್ನೂ ಹತ್ತು ಚೀಲ ಹಿಟ್ಟು ತಂದು ಸುರಿದರೂ ಒಂದು ರೊಟ್ಟಿ ಹೆಚ್ಚಿಗೆ ಬರುವುದಿಲ್ಲ. ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ಉಳಿದದ್ದನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಸಸಿಗೂ ಹಾಗೆ. ನೀರಿದೆ, ಗೊಬ್ಬರ ಇದೆ, ಗಾಳಿ ಇದೆ.

"ಹಂಚಿಲ್ಲ" ಅಂದಳು ಸುಜಾತಾ.

ದೇವಮ್ಮ ನಮ್ಮ ಗೋಡೆಯನ್ನು ನೋಡಲಿಲ್ಲ. ಅದನ್ನು ನೋಡದಿರಲು ಅವಳು ತಲೆ ಬಗ್ಗಿಸಿಕೊಂಡಳು, ಅದು ನನಗೆ ಕಂಡಿತು. ನನ್ನ ಪಾಠ ಅಷ್ಟು ಚೆನ್ನಾಗಿ ಅರ್ಥವಾದದ್ದಕ್ಕೆ ಒಂದು ಗಳಿಗೆ ನನಗೆ ಸಂತೋಷವೂ ಆಗಿತ್ತು ಎಂದು ಇಲ್ಲಿ ಬರೆದುಬಿಡುತ್ತೇನೆ.

ಘಟ್ಟ ಕೂತವು. ಈ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ದಸರೆಯ ಮೊದಲ ದಿನ ದೇವರ ಮುಂದೆ ಮಣ್ಣು ಹಾಸಿ ಗೋಧಿ, ಜೋಳ ಬಿತ್ತಿ, ನಡುವೆ ನೀರಿನ ಕೊಡ ಇಡುತ್ತೇವೆ. ಒಂಬತ್ತು ದಿನ ದೀಪ ಕಾಯುತ್ತೇವೆ. ನಮ್ಮ ಮನೆಯಲ್ಲಿ ಅದರ ಮೇಲೆ ಬುಟ್ಟಿ ಮುಚ್ಚುತ್ತಾರೆ. ಬೆಳಕು ತಾಗದ ಸಸಿ ಅರಿಸಿನದಂತೆ ಹಳದಿಯಾಗಿ, ಉದ್ದಕ್ಕೆ, ಮೆತ್ತಗೆ ಬರುತ್ತದೆ. ಎಷ್ಟು ಹಳದಿಯೋ ಅಷ್ಟು ಶುಭ. ಬನ್ನಿಯ ದಿನ ಅದನ್ನು ಹೆಂಗಸರು ಮುಡಿಯುತ್ತಾರೆ, ಗಂಡಸರು ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಆ ವರ್ಷ ಐದನೆಯ ದಿನ ಅತ್ತೆ ಬುಟ್ಟಿ ಎತ್ತಿ ನೋಡಿ, ಬಂಗಾರ ಬಂದಂಗ ಬಂದಾವ ನೋಡು ಎಂದು ಕೈ ಮುಗಿದರು. ನಾನೂ ಮುಗಿದೆ. ಅಡುಗೆಮನೆಗೆ ಬಂದು ಕಿಟಕಿ ತೆರೆದರೆ ಅದೇ ಬಣ್ಣ, ಮೂವತ್ತು ಟ್ರೇ ತುಂಬ.

ನಮ್ಮ ಮನೆಯ ನೆತ್ತಿಯ ಮೇಲೆ ಹೊಸ ಮಾಳಗಿ ಖಾಲಿ ಬಿದ್ದಿತ್ತು. ಬೆಳಗಿನಿಂದ ಸಂಜೆಯವರೆಗೆ ಅಡ್ಡವೇ ಇಲ್ಲದ ಬಿಸಿಲು. ಟ್ರೇಗಳನ್ನು ಅಲ್ಲಿಡಬಹುದು. ದೇವಮ್ಮ ದಿನಾ ಬಂದು ನೋಡಿಕೊಳ್ಳಬಹುದು. ಎರಡು ದಿನ ಮಾತನ್ನು ಹೊಂದಿಸಿಕೊಂಡು ಅತ್ತೆಯನ್ನು ಕೇಳಿದೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು.

"ಆಕಿ ಚಲೋ ಹೆಣ್ಮಗಳು. ನಾ ಬ್ಯಾಡ ಅನ್ನಂಗಿಲ್ಲ" ಅಂದರು. ಒಂದು ಬತ್ತಿ ಮುಗಿಸಿ ಇನ್ನೊಂದು ತೆಗೆದುಕೊಂಡರು. "ಆದ್ರ ಮೆಟ್ಟಲು ದೇವರ ಖೋಲಿ ಮುಂದs ಅವ. ಘಟ್ಟ ಕುಂತಾವ. ನೀನs ವಿಚಾರ ಮಾಡು."

ವಿಚಾರ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಯಾರೂ ಜಾತಿಯ ಹೆಸರೆತ್ತಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮೆಟ್ಟಿಲು ಎಲ್ಲಿದೆ ಎಂದಷ್ಟೇ ಹೇಳುತ್ತಾರೆ.

ಹಬ್ಬ ಕಳೆಯಿತು. ಶೀಗಿ ಹುಣ್ಣಿಮೆಗೆ ಅತ್ತೆ, ಮಾವ ಹರಕೆ ತೀರಿಸಲು ತಿಂಥಣಿಗೆ ಹೋದರು, ಎರಡು ದಿನಕ್ಕೆ. ಮನೆಯವರು, ಮೈದುನ ಅಂಗಡಿಗೆ. ಮಗಳು ಶಾಲೆಗೆ. ಮನೆಯಲ್ಲಿ ನಾನೊಬ್ಬಳೇ. ಸಸಿಗಳಿಗೆ ಇನ್ನು ಒಂದು ವಾರ ಮಾತ್ರ ಜೀವ ಇದ್ದಂತಿತ್ತು. ಬೇಡಿಕೆ ಇಟ್ಟ ರೈತರು ದೀಪಾವಳಿಗೆ ಬರುವವರಿದ್ದರು. ಬೆಳಿಗ್ಗೆ ಕಿಟಕಿಯಿಂದ ದೇವಮ್ಮನನ್ನು ಕರೆದು, ಟ್ರೇ ಕೊಡು, ಮಾಳಗಿಗೆ ಒಯ್ಯೋಣ ಅಂದೆ. ಅವಳ ಮುಖ ಅರಳಿತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡು ಟ್ರೇಗಳನ್ನು ಒಂದರ ಪಕ್ಕ ಒಂದು ತೋಳ ಮೇಲಿಟ್ಟುಕೊಂಡು ನಮ್ಮ ಹಿಂದಿನ ಬಾಗಿಲಿಗೆ ಬಂದು ನಿಂತಳು. ಚಪ್ಪಲಿ ಬಿಟ್ಟೇ ಬಂದಿದ್ದಳು. ಕಾಲನ್ನೂ ತೊಳೆದುಕೊಂಡಿದ್ದಳು, ಹಿಮ್ಮಡಿಯಿಂದ ನೀರು ಇಳಿಯುತ್ತಿತ್ತು.

ನಾನು ಹೊಸ್ತಿಲ ಈಚೆ ನಿಂತಿದ್ದೆ. ಅತ್ತೆ ಮನೆಯಲ್ಲಿ ಇರಲಿಲ್ಲ. ಯಾರೂ ಇರಲಿಲ್ಲ. ದೇವರ ಖೋಲಿಯ ಬಾಗಿಲು ಹಾಕಿತ್ತು. "ಬಾ" ಎಂಬ ಒಂದಕ್ಷರ ಸಾಕಿತ್ತು.

"ನೀ ಯಾಕ ಹತ್ತಿ ಇಳೀತಿ, ಕೊಡು, ನಾನs ಒಯ್ತೀನಿ" ಎಂದು ಕೈ ಚಾಚಿದೆ.

ಅವಳ ಭಾಷೆಯಲ್ಲೇ ಹೇಳಿದೆ, ಮೆತ್ತಗೆ ಹೇಳಿದೆ, ಅವಳ ಶ್ರಮ ಉಳಿಸುವವಳಂತೆ ಹೇಳಿದೆ. ದೇವಮ್ಮ ಟ್ರೇಗಳನ್ನು ನನ್ನ ಕೈಗಿಟ್ಟಳು. ತೋಳುಗಳು ಖಾಲಿಯಾದ ಮೇಲೆ ನೆರಿಗೆಯನ್ನು ಬಿಚ್ಚಿ ಕೆಳಗೆ ಬಿಟ್ಟಳು.

ಮೂವತ್ತು ಟ್ರೇ, ಹದಿನೈದು ಸಲ ಹತ್ತಿ ಇಳಿದೆ. ಮಂಡಿ ನೋವು ಬಂದು ಒಳಗೊಳಗೇ ಒಂದು ನಮೂನೆ ಸಮಾಧಾನವಾಯಿತು. ಕೊನೆಯ ಟ್ರೇ ಕೊಡುವಾಗ ದೇವಮ್ಮ ಹೊಸ್ತಿಲಾಚೆಯಿಂದ ಹೇಳಿದಳು, "ಒಮ್ಮಿಗೇ ಬಿಸಿಲಿಗಿ ಬಿಡಬ್ಯಾಡ್ರಿ ಅವ್ವಾರ. ಇವತ್ತ ಒಂದು ತಾಸು ಸಾಕು. ಮ್ಯಾಲ ಒಂದು ಸೀರಿ ಕಟ್ಟಿದ್ರ ಚಲೋ."

ನಾನು ನಕ್ಕೆ. ಇಷ್ಟು ದಿನ ಉಪವಾಸ ಇದ್ದಾವೆ, ಹೊಟ್ಟೆ ತುಂಬ ಉಣ್ಣಲಿ ಬಿಡು ಅಂದೆ. ಬೆಳಕು ಹೆಚ್ಚಾದಷ್ಟೂ ಅಡುಗೆ ಹೆಚ್ಚು ಎಂದು ಮತ್ತೆ ಪಾಠ ಹೇಳಿದೆ. ಶಾಲೆಯ ಪ್ರಯೋಗ ಕಣ್ಣಿಗೆ ಕಟ್ಟಿದಂತಿತ್ತು. ಗಾಜಿನ ಪಾತ್ರೆಯಲ್ಲಿ ನೀರಗಿಡ, ಪಕ್ಕಕ್ಕೆ ದೀಪ. ದೀಪವನ್ನು ಹತ್ತಿರ ತಂದಂತೆ ಗಿಡದಿಂದ ಏಳುವ ಗುಳ್ಳೆಗಳು ಹೆಚ್ಚುತ್ತ ಹೋಗುತ್ತಿದ್ದವು. ಸಿಸ್ಟರ್ ನಮ್ಮಿಂದ ಎಣಿಸಿ ಬರೆಸಿದ್ದರು. ದೇವಮ್ಮ ಹಿತ್ತಲಿಗೆ ತಿರುಗಿದಳು. ಸಾವಕಾರರ ಸೊಸೆ, ಓದಿದವಳು, ತನ್ನ ಮನೆಯ ಮಾಳಗಿ ಕೊಟ್ಟವಳು. ಅವಳ ಜೊತೆ ಎಷ್ಟು ವಾದ ಮಾಡಲಾದೀತು?

ಮಾಳಗಿಯ ಬರೀ ಸಿಮೆಂಟಿನ ಮೇಲೆ ಸಾಲಾಗಿ ಟ್ರೇ ಜೋಡಿಸಿದೆ. ಒಂದು ಝಾರಿ ನೀರು ಹನಿಸಿದೆ. ಮಳೆ ಹಿಂದೆಗೆದ ಆಕಾಶ, ಒಂದು ಚೂರೂ ಮೋಡವಿಲ್ಲ. ಬೆಟ್ಟ ಪೂರ್ತಿ ಕಾಣುತ್ತಿತ್ತು, ಬುದ್ಧನ ಹಣೆ, ಮೂಗು, ಗದ್ದ. ಸುಜಾತಾಳಿಗೆ ಹೇಳಬೇಕು ಅಂದುಕೊಂಡೆ. ಕೆಳಗೆ ಬಂದು ಅಡುಗೆ, ಬಟ್ಟೆ, ಊಟ. ಮಧ್ಯಾಹ್ನ ಎರಡು ಹೊಡೆದ ಮೇಲೆ ಮತ್ತೆ ಹತ್ತಿದೆ.

ಸಿಮೆಂಟಿನ ಮೇಲೆ ಕಾಲಿಡಲಾಗಲಿಲ್ಲ. ಸಸಿಗಳೆಲ್ಲ ಒಂದೇ ಕಡೆಗೆ ಮಲಗಿದ್ದವು. ಎಲೆಗಳು ಹಳದಿಯೂ ಇರಲಿಲ್ಲ, ಹಸಿರೂ ಇರಲಿಲ್ಲ, ಬಿಸಿನೀರಲ್ಲಿ ಅದ್ದಿ ತೆಗೆದ ಹಾಗೆ ಬಿಳಿಚಿದ್ದವು. ಓಡಿಹೋಗಿ ನೀರು ತಂದು ಸುರಿದೆ. ಟ್ರೇಯ ಕರಿ ಪ್ಲಾಸ್ಟಿಕ್ ಕಾದು, ನಾರಿನ ಪುಡಿ ಒಣಗಿ ಅಂಚು ಬಿಟ್ಟಿತ್ತು. ನೀರು ಬದಿಯಿಂದ ಇಳಿದು ಹೋಯಿತು. ನನ್ನ ಎರಡು ಸೀರೆ ತಂದು ಹೊದಿಸಿದೆ, ಅವಳು ಬೆಳಿಗ್ಗೆ ಹೇಳಿದ್ದನ್ನು ಆಗ ಮಾಡಿದೆ.

ಆ ಸೀರೆಗಳ ಪಕ್ಕ ಕೂತಾಗ ಪ್ರಯೋಗದ ಉಳಿದರ್ಧ ನೆನಪಾಯಿತು. ದೀಪವನ್ನು ಇನ್ನೂ ಹತ್ತಿರ ತಂದಾಗ ಒಂದು ಹಂತದ ಮೇಲೆ ಗುಳ್ಳೆ ಹೆಚ್ಚಲಿಲ್ಲ. ಕಾಗದದ ಮೇಲಿನ ಗೆರೆ ಏರಿ, ಆಮೇಲೆ ಮಟ್ಟಸವಾಗಿ ಹೋಯಿತು. ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿದ ಮೇಲೆ, ಇಂಗಾಲದ ಗಾಳಿ ಸಿಕ್ಕು, ಮತ್ತೆ ಸ್ವಲ್ಪ ಏರಿತು. ಕೊನೆಗೆ ಸಿಸ್ಟರ್ ಪಾತ್ರೆಯನ್ನು ಬಿಸಿನೀರಲ್ಲಿಟ್ಟರು. ಬೆಚ್ಚಗಾದಂತೆ ಗುಳ್ಳೆ ಜೋರಾದವು, ಇನ್ನಷ್ಟು ಬಿಸಿಯಾದಂತೆ ಕಡಿಮೆಯಾದವು, ಆಮೇಲೆ ನಿಂತೇಹೋದವು. ಎಲೆಯೊಳಗೆ ಅಡುಗೆ ಮಾಡುವ ಸಾಮಾನು ಹೆಚ್ಚು ಬಿಸಿಗೆ ಕೆಡುತ್ತದೆ ಎಂದಿದ್ದರು. ಬಿಸಿಲು ಅತಿಯಾದರೆ ನೀರು ಉಳಿಸಲು ಎಲೆ ತನ್ನ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ, ಆಗ ಎಷ್ಟು ಬೆಳಕಿದ್ದರೂ ಒಳಗೆ ಏನೂ ಬೇಯುವುದಿಲ್ಲ. ನೆರಳಲ್ಲಿ ಬೆಳೆದ ಎಲೆ ತೆಳು, ಅದಕ್ಕೆ ತಾನು ಬಳಸಲಾರದ ಬೆಳಕೇ ಸುಡುತ್ತದೆ. ಪರೀಕ್ಷೆಯಲ್ಲಿ ಆ ಏರಿ ಇಳಿಯುವ ಗೆರೆ ಬರೆದು ನಾನು ಪೂರಾ ಅಂಕ ತೆಗೆದುಕೊಂಡಿದ್ದೆ. ಏರುವ ಭಾಗ ಮಾತ್ರ ನೆನಪಿಟ್ಟುಕೊಂಡಿದ್ದೆ.

ದೇವಮ್ಮ ಆ ಗೆರೆಯನ್ನು ಬರೆದವಳಲ್ಲ. ಆದರೆ ಅವಳು ಮಾಳಗಿ ಹತ್ತಿದ್ದರೆ ಕಾಲಿಟ್ಟ ಕೂಡಲೇ ಸಿಮೆಂಟಿನ ಬಿಸಿ ನೋಡುತ್ತಿದ್ದಳು. ಕೆಳಗೆ ಹುಲ್ಲು ಹಾಸುತ್ತಿದ್ದಳು, ಮೇಲೆ ಸೀರೆ ಕಟ್ಟುತ್ತಿದ್ದಳು, ಒಂದು ತಾಸಿಗೆ ನೆರಳಿಗೆ ಎಳೆಯುತ್ತಿದ್ದಳು. ಗೊತ್ತಿದ್ದವಳು ಹೊಸ್ತಿಲಾಚೆ ನಿಂತಳು. ಹತ್ತಿದವಳಿಗೆ ಗೊತ್ತಿರಲಿಲ್ಲ.

ಸಂಜೆ ಟ್ರೇಗಳನ್ನು ಒಂದೊಂದಾಗಿ ಇಳಿಸಿ ಹಿಂದಿನ ಬಾಗಿಲಲ್ಲಿ ಕೊಟ್ಟೆ. ದೇವಮ್ಮ ಮೊದಲ ಟ್ರೇ ನೋಡಿದಳು, ಉಳಿದವನ್ನು ನೋಡದೆ ಇಸಿದುಕೊಂಡಳು. ಸುಜಾತಾ ಹಲಗೆಯ ಮೇಲೆ ಸರಿದು ಬಂದು, ಬೀಜ ಹಾಕಿದ್ದ ಬೆರಳಿಂದಲೇ ಒಂದೊಂದು ಕುಳಿಯನ್ನು ಮುಟ್ಟುತ್ತ ಹೋದಳು.

"ಬೆಂದಾವ ಯವ್ವಾ" ಅಂದಳು.

"ಇರಲಿ ಬಿಡು" ಅಂದಳು ದೇವಮ್ಮ. ನನ್ನ ಕಡೆ ತಿರುಗಿ, "ನಿಮಗ ಬಾಳ ತ್ರಾಸ ಆತ್ರಿ" ಅಂದಳು. ಸಿಟ್ಟು ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ಅವಳ ಮುಂದೆ ತಲೆ ಎತ್ತಿ ನಿಲ್ಲಲಾದರೂ ಆಗುತ್ತಿತ್ತು.

ನಾಲ್ಕು ದಿನ ಬಿಟ್ಟು ಒಂದಿಷ್ಟು ಸಸಿ ಚಿಗುರಲು ನೋಡಿದವು. ಆ ನೆರಳಲ್ಲಿ ಚಿಗುರುವುದೆಂದರೇನು? ಮತ್ತೆ ಬಿತ್ತಲು ಹೊತ್ತು ಮೀರಿತ್ತು, ಬಿತ್ತಿದರೂ ಸಂಕ್ರಾಂತಿ ದಾಟಿ ಎಷ್ಟೋ ದಿನದವರೆಗೆ ಆ ಹಿತ್ತಲಿಗೆ ಸೂರ್ಯ ಇಳಿಯುವಂತಿರಲಿಲ್ಲ. ರೈತರು ಬಂದರು, ನೋಡಿದರು, ಬೇರೆ ಕಡೆ ಹೋದರು. ಗುರುತಿನವನೊಬ್ಬ, ಅಲ್ಲಾ ದೇವಮ್ಮಾ, ಅಗಿ ಮಾಡು ಅಂದ್ರ ಘಟ್ಟದ ಸಸಿ ಮಾಡಿ ಕುಂತೀಯಲ್ಲ ಎಂದು ಚೇಷ್ಟೆ ಮಾಡಿದ. ಅವಳು ನಕ್ಕಳು ಸಹ.

ದೀಪಾವಳಿ ಪಾಡ್ಯ ಕಳೆದ ಮೂರನೆಯ ದಿನ ದೇವಮ್ಮನ ಅಣ್ಣ ಅವರನ್ನು ಹತ್ತಿಕುಣಿಗೆ ಕರೆದೊಯ್ಯಲು ಟಂಟಂ ಗಾಡಿ ತಂದ. ಸಾಮಾನು ಬಹಳ ಇರಲಿಲ್ಲ. ಸುಜಾತಾಳನ್ನು ಎತ್ತಿ ಕೂರಿಸಿದರು. ಗಾಲಿಯ ಹಲಗೆ ಮೇಲೆ ಹಾಕಲು ಹೋದರೆ ಅಣ್ಣ, ನಮ್ಮ ಮನೆಯ ಅಂಗಳ ಕಲ್ಲು ಕಲ್ಲು, ಅಲ್ಲಿ ಇದು ಓಡುವುದಿಲ್ಲ ಅಂದ. ಹಲಗೆ ಹಿತ್ತಲಲ್ಲೇ ಉಳಿಯಿತು. ಅದನ್ನು ಬಹಳ ದಿನ ಕಿಟಕಿಯಿಂದ ನೋಡಿದೆ. ಮಳೆ ಬಂದ ಮೇಲೆ ಅದರ ಮೇಲೆ ಅಣಬೆ ಎದ್ದಿದ್ದವು. ಅಣಬೆಗೆ ಬಿಸಿಲು ಬೇಡ.

ಆ ಜಾಗವನ್ನು ಮಾವನವರೇ ತೆಗೆದುಕೊಂಡರು. ಈಗ ಅಲ್ಲಿ ತಗಡಿನ ಶೆಡ್ಡು, ಗೊಬ್ಬರದ ಚೀಲಗಳು. ಕಿಟಕಿ ತೆರೆದರೆ ಯೂರಿಯಾ ವಾಸನೆ ಬರುತ್ತದೆಂದು ಮುಚ್ಚಿಯೇ ಇಡುತ್ತೇವೆ.

ಮರುವರ್ಷ ಮಳೆ ಚೆನ್ನಾಗಿ ಆಗಿ ಹತ್ತಿಕುಣಿ ಕೆರೆ ತುಂಬಿದೆಯೆಂದು ಒಂದು ಭಾನುವಾರ ಎಲ್ಲರೂ ನೋಡಲು ಹೋಗಿದ್ದೆವು. ಬುತ್ತಿ ಕಟ್ಟಿಕೊಂಡಿದ್ದೆವು. ಏರಿಯ ಕೆಳಗಿನ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದು ನಿಂತು ಹಣೆಗೆ ಕೈ ಹಿಡಿದು ನೋಡಿದಳು. ದೇವಮ್ಮ. ನಾನೊಬ್ಬಳೇ ಬದುವಿಗೆ ಇಳಿದು ಹೋದೆ. ನನ್ನ ಮಗಳ ಓದು, ಅತ್ತೆಯ ಮಂಡಿನೋವು, ಮೈದುನನಿಗೆ ಮಗು ಆಯಿತೇ, ಎಲ್ಲ ಕೇಳಿದಳು. ಸುಜಾತಾ ಹೇಗಿದ್ದಾಳೆ ಎಂದು ನಾನು ಕೇಳಲೇಬೇಕಾಯಿತು.

"ಒಳಗs ಇರ್ತಾಳ್ರಿ. ಹಿಂದಿನ ಖೋಲಿ ಕೊಟ್ಟಾರ" ಅಂದಳು. ಕುರ್ಪಿಯ ಮಣ್ಣನ್ನು ಹೆಬ್ಬೆರಳಿಂದ ಒರೆಸಿದಳು. "ಬೆಳ್ಳಗ ಆಗ್ಯಾಳ್ರಿ ಅವ್ವಾರ. ನೋಡಿದವ್ರೆಲ್ಲಾ ಅಂತಾರ, ಬಣ್ಣ ಬಂದಾಳ ಅಂತ."

ಮೇಲಿನಿಂದ ಮನೆಯವರು ಊಟಕ್ಕೆ ಕರೆದರು. ಹೊರಡುವಾಗ ಅವಳೇ ಕೇಳಿದಳು, "ನಿಮ್ಮ ಮಾಳಗಿ ಮ್ಯಾಲ ಏನರ ಹಚ್ಚೀರೇನ್ರಿ?"

ಒಂದು ಗಿಡವನ್ನೂ ಹಚ್ಚಿಲ್ಲ ಅಂದೆ.

"ಹಚ್ಚಬೇಕಿತ್ರಿ. ಎಷ್ಟ್ ಚಲೋ ಬಿಸಿಲದು" ಅಂದಳು. ಸಾಲು ಮುಂದೆ ಹೋಗಿತ್ತು. ಮತ್ತೆ ಕುಕ್ಕರುಗಾಲಲ್ಲಿ ಕೂತು ಕೈ ಬೀಸತೊಡಗಿದಳು.

ಮಾಳಗಿಯ ಮೇಲೆ ನಾವು ಇನ್ನೂ ಏನೂ ಹಚ್ಚಿಲ್ಲ. ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ ಒಣಗಿಸುತ್ತೇವೆ. ಉಳಿದ ದಿನವೆಲ್ಲ ಬಿಸಿಲು ಬಂದು ಸಿಮೆಂಟಿನ ಮೇಲೆ ಬಿದ್ದು ಹೋಗುತ್ತದೆ.

ಈ ಬೆಳಿಗ್ಗೆ ಮಣ್ಣು ಕಲಸಿ, ದೇವರ ಮುಂದೆ ಹಾಸಿ, ಗೋಧಿ ಉದುರಿಸಿದೆ. ಅತ್ತೆಗೆ ಈಗ ಬಗ್ಗಲಾಗುವುದಿಲ್ಲ, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಕುರ್ಚಿಯ ಮೇಲೆ ಕೂತು, ಸಂದಿ ಬಿಡಬ್ಯಾಡ, ಹಸಿರ ಬಂದ್ರ ಚಲೋ ಅಲ್ಲ ಎಂದು ಹೇಳಿದರು. ನೀರು ಚಿಮುಕಿಸಿದೆ. ವಾಸನೆ ಎದ್ದಿತು. ಬುಟ್ಟಿಯನ್ನು ಬೋರಲು ಹಾಕಿ, ಬೆಳಕು ನುಗ್ಗದಂತೆ ಅದರ ಸುತ್ತ ಬಟ್ಟೆ ಒತ್ತಿದೆ.